ನಿನಗೇನು ಕಮ್ಮಿಯಾಗಿದೆ?

"ನಿನಗೇನು ಕಮ್ಮಿಯಾಗಿದೆ ಅಂತ ಹೀಗೆ ಕೂತಿದ್ದೀಯ?" ಈ ಮಾತನ್ನು ಒಮ್ಮೆಯಾದರೂ ಕೇಳಿಸಿಕೊಳ್ಳದವರು ನಮ್ಮಲ್ಲಿ ಕಡಿಮೆ. ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಎದುರಿಗಿರುವ ಮಗನೋ ಮಗಳೋ ವಾರದಿಂದ ಸರಿಯಾಗಿ ಮಾತಾಡಿಲ್ಲ, ಇಷ್ಟ ಅಂತ ಮಾಡಿದ ಹುಳಿಯನ್ನ ತಟ್ಟೆಯಲ್ಲಿ ಹಾಗೇ ಉಳಿದಿದೆ, ಮುಖ ಬಾಡಿದೆ. ಏನಾದರೂ ಕೊರತೆ ಇದ್ದರೆ ಹೇಳಲಿ, ತುಂಬಿಕೊಡೋಣ ಅನ್ನುವ ಪ್ರೀತಿಯಿಂದಲೇ ಆ ಪ್ರಶ್ನೆ ಹುಟ್ಟುತ್ತದೆ. ಆದರೆ ಬಾಯಿಂದ ಹೊರಗೆ ಬರುವಷ್ಟರಲ್ಲಿ ಅದು ಲೆಕ್ಕ ತಪಾಸಣೆಯಾಗಿಬಿಡುತ್ತದೆ. ಕೆಲಸ ಇದೆ, ಸಂಬಳ ಸರಿಯಾಗಿ ಬರ್ತಿದೆ, ಮನೆಯಲ್ಲಿ ಎಲ್ಲರೂ ಆರೋಗ್ಯವಾಗಿದ್ದಾರೆ. ಮತ್ತೆ ಈ ದುಃಖ ಯಾವ ಬಾಬ್ತು?

ಕೆಲವು ದಿನ ಕಳೆದ ಮೇಲೆ ಆ ಪ್ರಶ್ನೆ ಕೇಳೋದಕ್ಕೆ ಬೇರೆ ಯಾರೂ ಬೇಕಾಗುವುದಿಲ್ಲ. ಬೆಂಗಳೂರಿನಲ್ಲಿ ಕೆಲಸ ಮಾಡುವ 29 ವರ್ಷದ ಒಬ್ಬಳನ್ನು ಊಹಿಸಿಕೊಳ್ಳಿ. ಬೆಳಗಿನ ಜಾವ ಮೂರೂವರೆಗೆ ಎಚ್ಚರ ಆಗತ್ತೆ, ಮತ್ತೆ ನಿದ್ದೆ ಬರೋದಿಲ್ಲ. ಸ್ನಾನಕ್ಕೆ ಏಳುವುದೇ ಬೆಟ್ಟ ಹತ್ತಿದ ಹಾಗೆ. ಬೆಳಗಿನ ಮೀಟಿಂಗ್‌ನಲ್ಲಿ ಕ್ಯಾಮೆರಾ ಆಫ್ ಮಾಡಿ, "ಆಲ್ ಗುಡ್" ಅಂದು, ಮ್ಯೂಟ್ ಮಾಡಿಕೊಂಡು ಗೋಡೆ ನೋಡುತ್ತಾ ಕೂರುತ್ತಾಳೆ. ಕಾರಣ ಹುಡುಕುತ್ತಾಳೆ, ಸಿಗುವುದಿಲ್ಲ. "ಅಪ್ಪ ಮಳೆ ನಂಬಿಕೊಂಡು ಎರಡು ಎಕರೆಯಲ್ಲಿ ನಮ್ಮನ್ನ ಸಾಕಿದರು. ನಾನು ಏಸಿಯಲ್ಲಿ ಕೂತು ಅಳ್ತಿದ್ದೀನಿ. ಇದು ಕೊಬ್ಬಲ್ಲದೆ ಇನ್ನೇನು?" ಅಂತ ತನ್ನನ್ನೇ ಬೈದುಕೊಳ್ಳುತ್ತಾಳೆ. ಡಾಕ್ಟರ ಹತ್ತಿರ ಹೋಗುವ ಯೋಚನೆ ಬಂದರೂ, ಅದೆಲ್ಲ ನಿಜವಾಗಿ ಕಷ್ಟ ಇರುವವರಿಗೆ ಅಂತ ಪಕ್ಕಕ್ಕಿಡುತ್ತಾಳೆ.

ನನ್ನನ್ನು ಕಾಡುವುದು ಆ ಕೊನೆಯ ವಾಕ್ಯ. ಡಿಪ್ರೆಶನ್‌ಗೆ ಚಿಕಿತ್ಸೆ ತೆಗೆದುಕೊಳ್ಳಲು ಒಂದು ಯೋಗ್ಯತೆ ಬೇಕಾ? ನಾನು ಸಾಕಷ್ಟು ಕಷ್ಟಪಟ್ಟಿದ್ದೇನೆ, ಹಾಗಾಗಿ ಸಹಾಯ ಕೇಳುವ ಹಕ್ಕು ನನಗಿದೆ ಅಂತ ಮೊದಲು ಯಾರ ಮುಂದಾದರೂ ಸಾಬೀತು ಮಾಡಬೇಕಾ? ಬೇಡ ಅನ್ನೋದು ನನ್ನ ಉತ್ತರ. ಒಂದು ಸಾಲಿನ ಈ ಉತ್ತರವನ್ನು ಒಪ್ಪೋದು ಸುಲಭ. ಅದು ನಮ್ಮ ಮೇಲೇ ಬಂದಾಗ ಒಪ್ಪೋದು ಯಾಕೆ ಇಷ್ಟು ಕಷ್ಟ ಅನ್ನೋದನ್ನ ಸ್ವಲ್ಪ ನಿಧಾನವಾಗಿ ನೋಡೋಣ.

ನಮ್ಮ ಭಾಷೆಯಲ್ಲಿ ಕಾರಣ ಅನ್ನುವ ಒಂದೇ ಪದ ಎರಡು ಕೆಲಸ ಮಾಡುತ್ತದೆ. "ಮಳೆ ಬಂದ ಕಾರಣ ಅಂಡರ್‌ಪಾಸ್‌ನಲ್ಲಿ ನೀರು ನಿಂತಿತ್ತು" ಅಂದರೆ ಅದು ಬರೀ ವರದಿ. ಯಾವುದರಿಂದ ಏನಾಯಿತು ಅಂತ ಹೇಳಿದ್ದು, ಅಷ್ಟೇ. "ನಿನ್ನೆ ಆಫೀಸಿಗೆ ಯಾಕೆ ಬರಲಿಲ್ಲ, ಕಾರಣ ಕೊಡಿ" ಅಂದರೆ ಅದು ಬೇರೆ. ಅಲ್ಲಿ ಕೇಳುತ್ತಿರುವುದು ಸಮರ್ಥನೆ. ಕೊಟ್ಟ ಕಾರಣ ಮ್ಯಾನೇಜರಿಗೆ ಒಪ್ಪಿಗೆಯಾದರೆ ರಜೆ, ಇಲ್ಲದಿದ್ದರೆ ಸಂಬಳ ಕಡಿತ. ಮೊದಲನೆಯ ಅರ್ಥದ ಕಾರಣ ಜಗತ್ತಿನಲ್ಲಿರುತ್ತದೆ, ಎರಡನೆಯದು ಕೇಳುವವನ ತೀರ್ಮಾನದಲ್ಲಿರುತ್ತದೆ.

ಬೇರೆ ಕಾಯಿಲೆಗಳ ವಿಷಯದಲ್ಲಿ ಈ ಎರಡೂ ಬೆರೆಯುವುದಿಲ್ಲ. ಡೆಂಗಿಗೆ ಕಾರಣ ಸೊಳ್ಳೆ. ಆ ಸೊಳ್ಳೆಯಿಂದ ಕಚ್ಚಿಸಿಕೊಳ್ಳುವಷ್ಟು ಕಷ್ಟ ನೀನು ಪಟ್ಟಿದ್ದೀಯಾ ಅಂತ ಯಾವ ಅತ್ತೆಯೂ ಕೇಳುವುದಿಲ್ಲ. ಪ್ಲೇಟ್‌ಲೆಟ್ ಎಷ್ಟಿದೆ, ಗಂಜಿ ಕುಡಿದೆಯಾ ಅಂತ ಕೇಳುತ್ತಾರೆ. ಡಿಪ್ರೆಶನ್ ವಿಷಯಕ್ಕೆ ಬಂದಾಗ ಮಾತ್ರ "ಏನು ಕಾರಣ?" ಅನ್ನೋ ಪ್ರಶ್ನೆಯೊಳಗೆ "ನಿನ್ನ ದುಃಖ ನ್ಯಾಯವಾದದ್ದಾ?" ಅನ್ನೋ ಇನ್ನೊಂದು ಪ್ರಶ್ನೆ ನುಸುಳಿಕೊಂಡಿರುತ್ತದೆ.

ಇದರಿಂದ ಎರಡು ಬಲೆಗಳು ಹುಟ್ಟುತ್ತವೆ. ಕಾರಣ ಸಿಗದಿದ್ದರೆ, ಅದು ಕಾಯಿಲೆಯಲ್ಲ, ಸೋಮಾರಿತನ, ಮಾಡೋಕೆ ಕೆಲಸ ಇಲ್ಲದವರ ಚಿಂತೆ. ಕಾರಣ ಸಿಕ್ಕರೆ, ಅದೂ ಕಾಯಿಲೆಯಲ್ಲ. "ಬ್ರೇಕಪ್ ಆಗಿದೆ, ಬೇಜಾರಾಗದೆ ಇರತ್ತಾ?" "ಅಪ್ಪ ತೀರಿಕೊಂಡು ನಾಲ್ಕು ತಿಂಗಳು, ಯಾರಿಗಾದರೂ ಹಾಗೇ." ಅಲ್ಲಿಗೆ ಎರಡೂ ಕಡೆಯಿಂದ ಬಾಗಿಲು ಮುಚ್ಚಿತು. ಕಾರಣ ಇಲ್ಲದವನಿಗೆ ಹಕ್ಕಿಲ್ಲ, ಕಾರಣ ಇರುವವನಿಗೆ ಅಗತ್ಯವಿಲ್ಲ.

ವೈದ್ಯರೂ ಈ ಗೊಂದಲದಿಂದ ಸುಲಭವಾಗಿ ಪಾರಾಗಿಲ್ಲ. ಅಮೆರಿಕದ ಮನೋವೈದ್ಯರ ಸಂಘ ಪ್ರಕಟಿಸುವ ಡಿಎಸ್‌ಎಮ್ ಅನ್ನುವ ಕೈಪಿಡಿ ಇದೆ, ಯಾವ ಲಕ್ಷಣಗಳಿದ್ದರೆ ಯಾವ ಕಾಯಿಲೆ ಅಂತ ಪಟ್ಟಿ ಮಾಡುವ ಪುಸ್ತಕ. 1980ರ ಅದರ ಮೂರನೇ ಆವೃತ್ತಿಯಿಂದ ಒಂದು ವಿನಾಯಿತಿ ಇತ್ತು: ಹತ್ತಿರದವರು ತೀರಿಕೊಂಡ ಹೊಸತರಲ್ಲಿ ಕಾಣುವ ಲಕ್ಷಣಗಳನ್ನು ಸಾಮಾನ್ಯವಾಗಿ ಡಿಪ್ರೆಶನ್ ಅಂತ ಎಣಿಸಬಾರದು. 2013ರ ಐದನೇ ಆವೃತ್ತಿಯಲ್ಲಿ ಅದನ್ನು ತೆಗೆದುಹಾಕಿದರು. ದೊಡ್ಡ ಜಗಳವೇ ಆಯಿತು. ಮನುಷ್ಯರ ಸಹಜ ಶೋಕವನ್ನೂ ಕಾಯಿಲೆ ಮಾಡಿ ಮಾತ್ರೆ ಬರೆಯುತ್ತೀರಾ ಅಂತ ಒಂದು ಪಕ್ಷ. ಸಾವಿಗೆ ಮಾತ್ರ ಯಾಕೆ ಈ ವಿನಾಯಿತಿ, ಕೆಲಸ ಕಳಕೊಂಡವರಿಗೆ, ವಿಚ್ಛೇದನವಾದವರಿಗೆ ಯಾಕಿಲ್ಲ, ಶೋಕದ ಜೊತೆಗೇ ಕಾಯಿಲೆಯೂ ಬರಬಾರದಾ ಅಂತ ಇನ್ನೊಂದು ಪಕ್ಷ.

ಮೊದಲನೇ ಪಕ್ಷದ ಆತಂಕ ಸುಳ್ಳಲ್ಲ. ಪ್ರತಿಯೊಂದು ಕಣ್ಣೀರಿಗೂ ಗುಳಿಗೆ ಬೇಕಾಗಿಲ್ಲ. ನಮ್ಮ ಮನೆಗಳಲ್ಲಿ ಶೋಕ ಹೇಗಿರುತ್ತದೆ ನೋಡಿ. ಅದು ಅಲೆಯ ಹಾಗೆ ಬಂದು ಹೋಗುತ್ತದೆ. ಹದಿಮೂರನೇ ದಿನದ ಊಟದ ಹೊತ್ತಿಗೆ ಯಾರೋ ಅಜ್ಜನ ಹಳೇ ತಮಾಷೆಯೊಂದನ್ನು ನೆನಪಿಸಿದರೆ ಅತ್ತು ಕೆಂಪಾದ ಕಣ್ಣುಗಳಲ್ಲೇ ಎಲ್ಲರೂ ನಗುತ್ತಾರೆ. ಕಳೆದುಕೊಂಡದ್ದು ಅಜ್ಜನನ್ನು, ತಮ್ಮ ಬಗೆಗಿನ ಗೌರವವನ್ನಲ್ಲ. ಡಿಪ್ರೆಶನ್‌ನಲ್ಲಿ ಹೆಚ್ಚಾಗಿ ಆ ನಗು ಬರುವುದಿಲ್ಲ, ಬಂದರೂ ಮುಖಕ್ಕೆ ಮಾತ್ರ. ಜೊತೆಗೆ, ತಾನೇ ಯಾವುದಕ್ಕೂ ಬಾರದವನು ಅನ್ನೋ ಭಾವನೆ ಕಚ್ಚಿಕೊಂಡಿರುತ್ತದೆ. ಹಾಗಾಗಿ ನೋಡಬೇಕಾದದ್ದು ದುಃಖಕ್ಕೆ ಕಾರಣ ಇದೆಯಾ ಅಂತಲ್ಲ. ಏನಾಗ್ತಿದೆ, ಎಷ್ಟು ದಿನದಿಂದ, ಬದುಕಿನ ಯಾವ ಯಾವ ಕೆಲಸ ನಿಂತುಹೋಗಿದೆ ಅಂತ.

ಇಲ್ಲಿ ಇನ್ನೊಂದು ತೊಡಕು, ಪದದ್ದು. ನಮ್ಮ ಹತ್ತಿರ ಬೇಜಾರು ಅನ್ನುವ ಒಂದು ಪದ ಇದೆ, ಅದು ಎಲ್ಲದಕ್ಕೂ ಆಗತ್ತೆ. ಸಿನಿಮಾ ಬೇಜಾರು, ಅವಳು ಫೋನ್ ಮಾಡಲಿಲ್ಲ ಅಂತ ಬೇಜಾರು, ಟ್ರಾಫಿಕ್‌ನಲ್ಲಿ ಕೂತು ಬೇಜಾರು, ಅಜ್ಜಿ ಹೋದ ಬೇಜಾರು. ಇನ್ನೊಂದು ತುದಿಯಲ್ಲಿ ಖಿನ್ನತೆ ಇದೆ. ಅದು ಪತ್ರಿಕೆಯ ಆರೋಗ್ಯ ಪುಟದಲ್ಲಿ ವಾಸ ಮಾಡುತ್ತದೆ. ಅಮ್ಮನಿಗೆ ಫೋನ್ ಮಾಡಿ "ನನಗೆ ಖಿನ್ನತೆಯಾಗಿದೆಯಮ್ಮ" ಅನ್ನುವವರನ್ನು ನಾನಂತೂ ನೋಡಿಲ್ಲ. ಇವೆರಡರ ನಡುವೆ ಪದ ಸಿಗದೇ ಹೋದಾಗ ಮೈ ಮಾತಾಡುತ್ತದೆ. ಸುಸ್ತು, ತಲೆನೋವು, ಎದೆ ಭಾರ, ಹೊಟ್ಟೆ ಸರಿಯಿಲ್ಲ, ನಿದ್ದೆಯಿಲ್ಲ. ಎಷ್ಟೋ ಜನ ಮೊದಲು ಹೋಗುವುದು ಫಿಸಿಷಿಯನ್ ಹತ್ತಿರ. ಅದರಲ್ಲಿ ತಪ್ಪೇನಿಲ್ಲ, ಒಳ್ಳೆಯ ಫಿಸಿಷಿಯನ್ ನಿದ್ದೆಯ ಹಿಂದೆ ಇನ್ನೇನಿದೆ ಅಂತ ಕೇಳುತ್ತಾರೆ.

ಕೇಳೋದಕ್ಕೆ ಜಗತ್ತಿನ ತುಂಬ ಬಳಸುವ ಒಂದು ಸರಳ ಪ್ರಶ್ನಾವಳಿ ಇದೆ, ಪಿಎಚ್‌ಕ್ಯೂ-9 ಅಂತ. ಒಂಬತ್ತು ಪ್ರಶ್ನೆ, ಕಳೆದ ಎರಡು ವಾರಗಳ ಬಗ್ಗೆ. ಮೊದಲು ಇಷ್ಟವಾಗುತ್ತಿದ್ದ ಕೆಲಸಗಳಲ್ಲಿ ಆಸಕ್ತಿ ಹೋಗಿದೆಯಾ? ಮನಸ್ಸು ಕುಗ್ಗಿದೆಯಾ? ನಿದ್ದೆ ಬರುತ್ತಿಲ್ಲವಾ ಅಥವಾ ವಿಪರೀತ ಬರುತ್ತಿದೆಯಾ? ಹೀಗೇ ಆಯಾಸ, ಹಸಿವು, ಏಕಾಗ್ರತೆ, ಮಾತು ನಡೆ ನಿಧಾನವಾಗುವುದು ಅಥವಾ ಕೂತಲ್ಲಿ ಕೂರಲಾಗದ ಚಡಪಡಿಕೆ, ತನ್ನ ಬಗ್ಗೆ ತನಗೇ ಕೀಳೆನಿಸುವುದು, ಕೊನೆಗೆ ಸಾವಿನ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ. ಪ್ರತಿಯೊಂದಕ್ಕೂ 0ಯಿಂದ 3ರವರೆಗೆ ಅಂಕ, ಒಟ್ಟು 27. ಸಾಮಾನ್ಯವಾಗಿ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರನ್ನು ನೋಡಬೇಕು ಅನ್ನೋ ಸೂಚನೆ. ಸಾವಿನ ಯೋಚನೆಗೆ ಸೊನ್ನೆ ಬಿಟ್ಟು ಬೇರೆ ಯಾವ ಅಂಕ ಬಂದರೂ ಒಟ್ಟು ಎಷ್ಟಾಯಿತು ಅಂತ ನೋಡುತ್ತಾ ಕೂರಬಾರದು. ಇದು ಬರೀ ಜರಡಿ. ಇದೇ ಕಾಯಿಲೆ ಅಂತ ಹೇಳಬೇಕಾದವರು ವೈದ್ಯರೇ.

ಈ ಒಂಬತ್ತರಲ್ಲಿ ಎರಡು ವಿಷಯ ಗಮನಿಸಿ. ಒಂದು, ಯಾವ ಪ್ರಶ್ನೆಯೂ ಯಾಕೆ ಅಂತ ಕೇಳುವುದಿಲ್ಲ. ಕಾರಣ ಬರೆಯುವುದಕ್ಕೆ ಅಲ್ಲಿ ಜಾಗವೇ ಇಲ್ಲ. ಎರಡು, ತಾನು ಸೋತವನು, ಮನೆಯವರಿಗೆ ಮುಖ ತೋರಿಸಲಾರದವನು ಅನ್ನೋ ಭಾವನೆ ಆ ಪಟ್ಟಿಯಲ್ಲೇ ಒಂದು ಲಕ್ಷಣ. ಆ 29ರ ಹುಡುಗಿ "ಇದು ಕೊಬ್ಬು, ನನಗೆ ಡಾಕ್ಟರನ್ನು ನೋಡೋ ಹಕ್ಕಿಲ್ಲ" ಅಂದುಕೊಂಡಳಲ್ಲ, ಆ ತೀರ್ಪನ್ನು ಕೊಟ್ಟದ್ದು ಯಾರು? ಅವಳ ಆರೋಗ್ಯವಂತ ಬುದ್ಧಿಯಾ ಅಥವಾ ಕಾಯಿಲೆಯಾ? ಜ್ವರ ಬಂದಾಗ ನಾಲಿಗೆ ಕಹಿಯಾಗಿರುತ್ತದೆ. ಆ ನಾಲಿಗೆಯನ್ನು ನಂಬಿ ಅನ್ನ ಕೆಟ್ಟಿದೆ ಅಂತ ಯಾರೂ ಚೆಲ್ಲುವುದಿಲ್ಲ. ತನ್ನ ದುಃಖ ಸಹಾಯಕ್ಕೆ ಅರ್ಹವಲ್ಲ ಅನ್ನೋ ಖಚಿತ ನಂಬಿಕೆ ಬಂದಿದ್ದರೆ, ಆ ನಂಬಿಕೆಯನ್ನೇ ವೈದ್ಯರ ಮುಂದೆ ಇಡಬೇಕು. ಮನೆಯಲ್ಲೇ ಕೂತು ಅದನ್ನು ತೀರ್ಮಾನ ಅಂತ ಒಪ್ಪಿಕೊಳ್ಳಬಾರದು.

ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ಬದುಕಿನ ಯಾವುದಾದರೂ ಹಂತದಲ್ಲಿ ಡಿಪ್ರೆಶನ್ ಅನುಭವಿಸಿದವರು ವಯಸ್ಕರಲ್ಲಿ 100ಕ್ಕೆ ಸುಮಾರು 5 ಜನ ಅಂತ ಅದರಲ್ಲಿ ಗೊತ್ತಾಯಿತು. ಹಾಗೆ ಬಳಲುತ್ತಿರುವವರಲ್ಲಿ 100ಕ್ಕೆ ಸುಮಾರು 85 ಜನಕ್ಕೆ ಚಿಕಿತ್ಸೆ ತಲುಪಿರಲಿಲ್ಲ. ದೂರ, ದುಡ್ಡು, ಡಾಕ್ಟರುಗಳ ಕೊರತೆ, ಜನ ಏನಂದಾರು ಅನ್ನೋ ಭಯ, ಇವೆಲ್ಲ ಅದರ ಹಿಂದಿವೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಿಂದ ಅರ್ಧ ಗಂಟೆಯಲ್ಲಿರುವ, ಕೈಯಲ್ಲಿ ಇನ್ಶೂರೆನ್ಸ್ ಕಾರ್ಡ್ ಇರುವ, ಇಂಗ್ಲಿಷಿನಲ್ಲಿ ಇದರ ಬಗ್ಗೆ ಹತ್ತು ಪಾಡ್‌ಕಾಸ್ಟ್ ಕೇಳಿರುವ ನಮ್ಮಂಥವರು ತಡಮಾಡುವುದಕ್ಕೆ ಅಪಮಾನದ ಭಯದ ಜೊತೆ ಈ ಯೋಗ್ಯತೆಯ ಲೆಕ್ಕವೂ ಸೇರಿದೆ ಅಂತ ನನಗನ್ನಿಸುತ್ತೆ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಬರುತ್ತದೆ. ಎಲ್ಲವನ್ನೂ ಕಾಯಿಲೆ ಅಂದುಬಿಟ್ಟರೆ ಮನುಷ್ಯನ ಜವಾಬ್ದಾರಿ ಎಲ್ಲಿ ಹೋಯಿತು? ಮನಸ್ಸಿದ್ದರೆ ಮಾರ್ಗ ಅಂತ ಹೇಳಿಕೊಂಡು ಬೆಳೆದವರು ನಾವು. ಇಚ್ಛಾಶಕ್ತಿಯಿಂದಲೇ ಊರು ಬಿಟ್ಟು, ಹಾಸ್ಟೆಲಿನಲ್ಲಿದ್ದು ಓದಿ, ಇಲ್ಲಿಗೆ ಬಂದು ನಿಂತವರು. ಆ ಮಾತನ್ನು ಸುಲಭವಾಗಿ ಬಿಟ್ಟುಕೊಡಲಾಗುವುದಿಲ್ಲ, ಬಿಟ್ಟುಕೊಡಲೂ ಬಾರದು. ಆದರೆ ಈ ಕಾಯಿಲೆ ಮೊದಲು ಹಿಡಿಯುವುದೇ ಮನಸ್ಸನ್ನು. ಮನಸ್ಸು ಮಾಡು ಅಂತ ಅವನಿಗೆ ಹೇಳುವುದು, ಕೈ ಮುರಿದವನಿಗೆ ಅದೇ ಕೈಯಿಂದ ಪಟ್ಟಿ ಕಟ್ಟಿಕೋ ಅಂದ ಹಾಗೆ. ಹಾಗಂತ ಜವಾಬ್ದಾರಿ ಪೂರ್ತಿ ಇಲ್ಲವಾಗುವುದಿಲ್ಲ, ಅದರ ಅಳತೆ ಚಿಕ್ಕದಾಗುತ್ತದೆ. ಕಾಯಿಲೆ ಬಂದದ್ದಕ್ಕೆ ಅವನು ಹೊಣೆಯಲ್ಲ. ಒಬ್ಬರಿಗೆ ಹೇಳುವುದು, ಹೇಳಿದ ದಿನ ಹೋಗುವುದು, ಕೊಟ್ಟ ಮಾತ್ರೆಯನ್ನು ಬಿಡದೆ ತೆಗೆದುಕೊಳ್ಳುವುದು, ಆಗದಿದ್ದರೆ ಆಗುತ್ತಿಲ್ಲ ಅಂತ ತಿಳಿಸುವುದು, ಅವನ ಪಾಲಿಗೆ ಇಷ್ಟು ಉಳಿಯುತ್ತದೆ. ಮಿಕ್ಕದ್ದು ಸುತ್ತಲಿನವರ ಪಾಲಿಗೆ ಬರುತ್ತದೆ.

ಈ ವಿಷಯ ಬಂದಾಗ ಯಾರಾದರೊಬ್ಬರು ಅರ್ಜುನನನ್ನು ಕರೆದು ತರುತ್ತಾರೆ. ಭಗವದ್ಗೀತೆಯ ಮೊದಲನೇ ಅಧ್ಯಾಯದ ಹೆಸರೇ ಅರ್ಜುನ ವಿಷಾದ ಯೋಗ. ಕೃಷ್ಣ ಉಪದೇಶ ಮಾಡಿದ, ಅರ್ಜುನ ಎದ್ದು ನಿಂತ, ನೀನೂ ಏಳು ಅಂತ ವಾಟ್ಸಾಪ್ ಸಂದೇಶ ಬರುತ್ತದೆ. ಅರ್ಜುನನ ವಿಷಾದಕ್ಕೆ ಕಣ್ಣೆದುರೇ ಕಾರಣವಿತ್ತು, ಅಜ್ಜನೂ ಗುರುವೂ ಎದುರು ಪಾಳಯದಲ್ಲಿದ್ದರು. ಅದನ್ನು ಕಾಯಿಲೆ ಅಂತ ಕರೆಯೋ ಹುಂಬತನ ನನಗಿಲ್ಲ. ಆದರೂ ಆ ಕಥೆಯಿಂದ ಕಲಿಯುವುದಾದರೆ ಒಂದಿದೆ. ಅರ್ಜುನ ಬಾಯಿಬಿಟ್ಟು ಹೇಳಿದ. ನನ್ನ ಕೈಕಾಲು ಸೋಲ್ತಿದೆ, ಬಾಯಿ ಒಣಗ್ತಿದೆ, ಬಿಲ್ಲು ಜಾರ್ತಿದೆ ಅಂತ ಮೈಯ ಲಕ್ಷಣಗಳಿಂದಲೇ ಶುರುಮಾಡಿದ. ಕೃಷ್ಣ ಮೊದಲು ಗದರಿದ್ದೂ ಹೌದು. ಆದರೆ ಗದರಿ ರಥ ಇಳಿದು ಹೋಗಲಿಲ್ಲ. ಇನ್ನೂ ಹದಿನೇಳು ಅಧ್ಯಾಯ ಅಲ್ಲೇ ಕೂತು, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿದರೂ ಉತ್ತರ ಕೊಟ್ಟ. ಗದರಿದ್ದನ್ನು ಮಾತ್ರ ನಾವು ಫಾರ್ವರ್ಡ್ ಮಾಡುತ್ತೇವೆ.

ನಮ್ಮ ಕಾಲದ ಒಂದು ಉದಾಹರಣೆ ಬೇಕಾದರೆ ಬೆಂಗಳೂರಿನಲ್ಲಿ ಬೆಳೆದ ದೀಪಿಕಾ ಪಡುಕೋಣೆ ಇದ್ದಾರೆ. 2015ರಲ್ಲಿ ಅವರು ತಮ್ಮ ಡಿಪ್ರೆಶನ್ ಬಗ್ಗೆ ಬಹಿರಂಗವಾಗಿ ಮಾತಾಡಿದರು. ಆಗ ಅವರ ಸಿನಿಮಾಗಳು ಒಂದರ ಮೇಲೊಂದು ಗೆದ್ದಿದ್ದವು, ಅಂದರೆ ಲೆಕ್ಕದ ಪ್ರಕಾರ ಏನೂ ಕಮ್ಮಿಯಿರಲಿಲ್ಲ. ಅವರೇ ಹಲವು ಸಲ ಹೇಳಿಕೊಂಡಿರುವಂತೆ, ಅದನ್ನು ಗುರುತಿಸಿದ್ದು ಅವರ ತಾಯಿ. ಮಗಳನ್ನು ನೋಡಲು ಬಂದು ಊರಿಗೆ ಹೊರಟ ಹೊತ್ತಿಗೆ ಮಗಳು ಅತ್ತುಬಿಟ್ಟರು. ತಾಯಿ ಎಲ್ಲ ಅಮ್ಮಂದಿರ ಹಾಗೆ ಕಾರಣಗಳನ್ನು ಕೇಳಿದರು, ಹುಡುಗನ ವಿಷಯವಾ, ಕೆಲಸದ್ದಾ ಅಂತ. ಮಗಳ ಹತ್ತಿರ ಉತ್ತರ ಇರಲಿಲ್ಲ. ನನಗೆ ಮುಖ್ಯ ಅನ್ನಿಸುವುದು ಆಮೇಲಿನದು. ಉತ್ತರ ಸಿಗಲಿಲ್ಲ ಅಂತ ಆ ತಾಯಿ ಸುಮ್ಮನಾಗಲಿಲ್ಲ. ಉತ್ತರ ಇಲ್ಲದಿರುವುದನ್ನೇ ಸೂಚನೆ ಅಂತ ತಿಳಿದು, ತಜ್ಞರ ಸಹಾಯ ತಗೋಬೇಕು ಅಂದರು.

ಇನ್ನು ಮಾತ್ರೆ. "ಮಾತ್ರೆ ನುಂಗಿ ಬಂದ ಖುಷಿ ನನ್ನ ಖುಷಿಯಾ?" ಅನ್ನೋ ಪ್ರಶ್ನೆಯನ್ನು ನಾನು ತಮಾಷೆ ಮಾಡುವುದಿಲ್ಲ, ಅದು ಯೋಚಿಸುವವರು ಕೇಳುವ ಪ್ರಶ್ನೆ. ಆದರೆ ಅದರಲ್ಲಿ ಒಂದು ತಪ್ಪು ಕಲ್ಪನೆ ಇದೆ. ಡಿಪ್ರೆಶನ್‌ನ ಮಾತ್ರೆಗಳು ಖುಷಿ ಕೊಡುವುದಿಲ್ಲ. ಸಂಜೆ ನುಂಗಿದರೆ ರಾತ್ರಿ ಹಾಡು ಹೇಳಿಕೊಳ್ಳುವ ಹಾಗೆ ಆಗುವುದಿಲ್ಲ. ಪರಿಣಾಮ ಗೊತ್ತಾಗಲು ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಹೆಚ್ಚು ಬೇಕು. ಕೆಲಸ ಮಾಡಿದಾಗ ಆಗುವುದು ಇಷ್ಟು: ನಿದ್ದೆ ಬರುತ್ತದೆ, ಸ್ನಾನ ಬೆಟ್ಟವಾಗಿರುವುದಿಲ್ಲ, ಗೆಳೆಯ ಜೋಕ್ ಹೇಳಿದಾಗ ನಗು ಬರುತ್ತದೆ. ಆ ನಗು ನಿಮ್ಮದೇ. ಕನ್ನಡಕ ಹಾಕಿಕೊಂಡು ಓದಿದ್ದನ್ನು ಕನ್ನಡಕ ಓದಿತು ಅಂತ ನಾವು ಹೇಳುವುದಿಲ್ಲವಲ್ಲ.

"ಇದು ಹೇಗೆ ಕೆಲಸ ಮಾಡುತ್ತೆ ಅಂತ ಅವರಿಗೇ ಗೊತ್ತಿಲ್ಲವಂತೆ" ಅನ್ನೋದು ಇನ್ನೊಂದು ಮಾತು. ಅರ್ಧ ನಿಜ. ಮಿದುಳಿನಲ್ಲಿ ಸೆರೊಟೋನಿನ್ ಕಡಿಮೆಯಾಗುವುದೇ ಡಿಪ್ರೆಶನ್ ಅಂತ ಬಹಳ ವರ್ಷ ಹೇಳುತ್ತಿದ್ದರು. 2022ರಲ್ಲಿ ಪ್ರಕಟವಾದ ಒಂದು ದೊಡ್ಡ ಪರಿಶೀಲನೆ ಅದಕ್ಕೆ ಗಟ್ಟಿ ಪುರಾವೆ ಇಲ್ಲ ಅಂದಿತು. ಆದರೆ 2018ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ, 522 ಪ್ರಯೋಗಗಳನ್ನು ಒಟ್ಟುಗೂಡಿಸಿದ ಅಧ್ಯಯನದಲ್ಲಿ 21 ಔಷಧಿಗಳೂ ಹುಸಿಮಾತ್ರೆಗಿಂತ ಹೆಚ್ಚು ಪರಿಣಾಮಕಾರಿ ಅಂತ ಕಂಡುಬಂತು. ವ್ಯತ್ಯಾಸ ಪವಾಡದಷ್ಟಲ್ಲ, ಆದರೆ ಇದೆ. ಮಲೇರಿಯಾಕ್ಕೆ ಸಿಂಕೋನಾ ಮರದ ತೊಗಟೆ ಕೊಡುವುದನ್ನು ಯುರೋಪಿನವರು 17ನೇ ಶತಮಾನದಲ್ಲೇ ಶುರುಮಾಡಿದ್ದರು. ಆ ಜ್ವರದ ಪರೋಪಜೀವಿ ಕಣ್ಣಿಗೆ ಬಿದ್ದದ್ದು 1880ರಲ್ಲಿ. ನಡುವಿನ ಇನ್ನೂರು ಚಿಲ್ಲರೆ ವರ್ಷ ಜನ ಕಾರಣ ಗೊತ್ತಿಲ್ಲದೆಯೇ ಬದುಕಿಕೊಂಡರು.

ಮಾತ್ರೆಯೊಂದೇ ದಾರಿಯೂ ಅಲ್ಲ. ತೀವ್ರತೆ ಕಡಿಮೆ ಇದ್ದಾಗ ಮಾತಿನ ಚಿಕಿತ್ಸೆಯೇ ಸಾಕಾಗಬಹುದು, ಹೆಚ್ಚಿದ್ದಾಗ ಎರಡೂ ಬೇಕಾಗಬಹುದು. ಪಕ್ಕದ ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಒಂದು ಪ್ರಯೋಗ ನಡೆಯಿತು. ಅದರ ಫಲಿತಾಂಶ 2017ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. ಮೊದಲು ಈ ಕ್ಷೇತ್ರದಲ್ಲಿ ಕೆಲಸ ಮಾಡಿರದ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು, ತೀವ್ರ ಡಿಪ್ರೆಶನ್ ಇರುವವರ ಜೊತೆ ಆರರಿಂದ ಎಂಟು ಸಲ ಕೂರಿಸಿದರು. ಒತ್ತು ಇದ್ದದ್ದು ಚಟುವಟಿಕೆಯ ಮೇಲೆ: ನಿಂತುಹೋದ ಯಾವ ಕೆಲಸವನ್ನು, ಎಷ್ಟು ಚಿಕ್ಕದಾಗಿ, ಯಾವಾಗ ಮತ್ತೆ ಶುರುಮಾಡಬಹುದು ಅನ್ನುವುದರ ಮೇಲೆ. ಅದರಿಂದ ಪ್ರಯೋಜನವಾಯಿತು, ವರ್ಷದ ನಂತರವೂ ಉಳಿದಿತ್ತು. ಮನಸ್ಸು ಸರಿಯಾದ ಮೇಲೆ ವಾಕಿಂಗ್ ಹೋಗ್ತೀನಿ ಅಂತ ಕಾಯುವವರಿಗೆ ಇದರಲ್ಲಿ ಒಂದು ಪಾಠ ಇದೆ.

ಆಫೀಸಿಗೆ ಹೋಗುವವರ ಒಂದು ಪ್ರಶ್ನೆ ಉಳಿಯುತ್ತದೆ. "ರಾತ್ರಿ ಹನ್ನೊಂದಕ್ಕೆ ಕಾಲ್ ಇಟ್ಟು ನನ್ನ ನಿದ್ದೆ ಕೆಡಿಸಿದ್ದು ಕಂಪನಿ. ಮಾತ್ರೆ ನಾನು ನುಂಗಬೇಕಾ?" ನ್ಯಾಯವಾದ ಸಿಟ್ಟು. ಕೆಟ್ಟ ಬಾಸ್, ಹೊಡೆಯುವ ಗಂಡ, ಜಾತಿ ಹಿಡಿದು ಚುಚ್ಚುವ ಸಹೋದ್ಯೋಗಿ, ಇವರಿಗೆಲ್ಲ ನಾವು ನುಂಗುವ ಮಾತ್ರೆಯಿಂದ ಕ್ಷಮಾಪಣೆ ಸಿಗಬಾರದು. ಆದರೆ ಚಿಕಿತ್ಸೆ ತೆಗೆದುಕೊಂಡರೆ ಅವರನ್ನು ಖುಲಾಸೆ ಮಾಡಿದಂತೆ ಆಗುವುದೂ ಇಲ್ಲ. ಎರಡು ತಿಂಗಳಿಂದ ನಿದ್ದೆಯಿಲ್ಲದವನು ರಾಜೀನಾಮೆಯ ಪತ್ರವನ್ನೂ ಸರಿಯಾಗಿ ಬರೆಯಲಾರ, ದೂರನ್ನೂ ಸರಿಯಾಗಿ ಕೊಡಲಾರ. ಅಪಾಯ ಇರುವ ಜಾಗದಿಂದ ತಕ್ಷಣ ಹೊರಗೆ ಬರಬೇಕು. ಮಿಕ್ಕ ದೊಡ್ಡ ತೀರ್ಮಾನಗಳನ್ನು, ಆಗುವುದಾದರೆ, ಸ್ವಲ್ಪ ಚೇತರಿಸಿಕೊಂಡ ಮೇಲೆ ತೆಗೆದುಕೊಳ್ಳುವುದು ಒಳ್ಳೆಯದು.

ಹೋಗೋದು ಎಲ್ಲಿಗೆ? ಹೆಸರುಗಳು ಗೊಂದಲ ಮಾಡುತ್ತವೆ. ಮನೋವೈದ್ಯರು, ಅಂದರೆ ಸೈಕಿಯಾಟ್ರಿಸ್ಟ್, ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರ ಓದಿದವರು. ಮಾತ್ರೆ ಬರೆಯುವುದು ಅವರು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತಿನ ಚಿಕಿತ್ಸೆಯಲ್ಲಿ ತರಬೇತಾದವರು, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಅವರ ನೋಂದಣಿ ಇರಬೇಕು. ಕೌನ್ಸೆಲರ್ ಅಂತ ಬೋರ್ಡ್ ಹಾಕಿಕೊಂಡವರನ್ನು ಏನು ಓದಿದ್ದೀರಿ ಅಂತ ಧೈರ್ಯವಾಗಿ ಕೇಳಿ. ಮೊದಲ ಭೇಟಿಯಲ್ಲಿ ಥೈರಾಯ್ಡ್, ಬಿ12 ಪರೀಕ್ಷೆ ಬರೆದುಕೊಟ್ಟರೆ ಆಶ್ಚರ್ಯಪಡಬೇಡಿ, ಅವು ಕಡಿಮೆಯಾದಾಗಲೂ ಇಂಥದ್ದೇ ಲಕ್ಷಣ ಕಾಣಿಸುತ್ತವೆ. ಮೊದಲ ವಾರಗಳಲ್ಲಿ ಹೊಟ್ಟೆ ತೊಳಸುವುದು, ತಲೆನೋವು ಇರಬಹುದು, ಲೈಂಗಿಕ ತೊಂದರೆಗಳೂ ಬರಬಹುದು. ಅವನ್ನು ನಾಚಿಕೊಳ್ಳದೆ ಹೇಳಿ. ಮೊದಲ ಮಾತ್ರೆ ಒಗ್ಗದಿದ್ದರೆ ಬೇರೆಯದಿದೆ. ಚೆನ್ನಾಗಿದ್ದೀನಿ ಅನ್ನಿಸಿದ ದಿನ ತಾವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ. ಗುಣವಾದ ಮೇಲೂ ಕೆಲವು ತಿಂಗಳು ಮುಂದುವರಿಸಿ ನಿಧಾನಕ್ಕೆ ಇಳಿಸುತ್ತಾರೆ.

ಖಾಸಗಿ ಚಿಕಿತ್ಸೆ ನಗರದಲ್ಲಿ ದುಬಾರಿ, ಸರ್ಕಾರಿ ಆಸ್ಪತ್ರೆಗಳಲ್ಲಿ ಮತ್ತು ನಿಮ್ಹಾನ್ಸ್‌ನಲ್ಲಿ ಖರ್ಚು ಕಡಿಮೆ, ಕ್ಯೂ ಉದ್ದ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ವಿಮಾ ಕಂಪನಿಗಳು ದೈಹಿಕ ಕಾಯಿಲೆಗೆ ಕೊಡುವ ನೆಲೆಯಲ್ಲೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು. ಆದರೂ ಹೊರರೋಗಿ ಖರ್ಚು ಸೇರಿದೆಯಾ ಅಂತ ನಿಮ್ಮ ಪಾಲಿಸಿಯಲ್ಲಿ ನೋಡಿಕೊಳ್ಳಿ. ಎಲ್ಲಿಂದ ಶುರುಮಾಡುವುದು ಅಂತಲೇ ತಿಳಿಯದಿದ್ದರೆ 2022ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಟೆಲಿ ಮಾನಸ್ ಇದೆ. 14416ಕ್ಕೆ ಫೋನ್ ಮಾಡಿದರೆ ಉಚಿತವಾಗಿ, ದಿನದ ಯಾವ ಹೊತ್ತಿನಲ್ಲಾದರೂ, ಕನ್ನಡದಲ್ಲೇ ಮಾತಾಡಬಹುದು. ಬದುಕೋದು ಬೇಡ ಅನ್ನಿಸುತ್ತಿದ್ದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ಹತ್ತಿರ ಯಾರಿದ್ದಾರೋ ಅವರಿಗೆ ಈಗಲೇ ಹೇಳಿ, ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಡಾಕ್ಟರ ಮುಂದೆ ಕೂತಾಗ ಕೇಸು ಗೆಲ್ಲೋ ಲಾಯರಿನ ಹಾಗೆ ತಯಾರಾಗಬೇಕಾಗಿಲ್ಲ. "ಒಂದು ತಿಂಗಳಿಂದ ಮೂರೂವರೆಗೆ ಎಚ್ಚರ ಆಗ್ತಿದೆ. ಯಾವುದರಲ್ಲೂ ಮನಸ್ಸಿಲ್ಲ. ಕಾರಣ ಗೊತ್ತಿಲ್ಲ" ಅಂದರೆ ಸಾಕು. ಕೊನೆಯ ವಾಕ್ಯ ಹೇಳುವಾಗ ತಲೆ ತಗ್ಗಿಸುವುದು ಬೇಡ.

ಪ್ರಶ್ನೆ ಕೇಳುವ ಜಾಗದಲ್ಲಿರುವವರಿಗೂ ಒಂದು ಮಾತು. ನಿಮ್ಮ ಪ್ರೀತಿಯ ಬಗ್ಗೆ ಅನುಮಾನವಿಲ್ಲ, ಪ್ರಶ್ನೆಯನ್ನು ಬದಲಿಸಿ. ನಿದ್ದೆ ಬರ್ತಿದೆಯಾ, ಊಟ ಸೇರ್ತಿದೆಯಾ, ಎಷ್ಟು ದಿನದಿಂದ ಹೀಗಿದೆ ಅಂತ ಕೇಳಿ. ಸಾಯಬೇಕು ಅನ್ನಿಸ್ತಿದೆಯಾ ಅಂತ ನೇರವಾಗಿ ಕೇಳುವುದರಿಂದ ಆ ಯೋಚನೆ ಹೊಸದಾಗಿ ತಲೆಗೆ ಬರುವುದಿಲ್ಲ, ಎಷ್ಟೋ ಸಲ ಯಾರೋ ಕೇಳಿದರಲ್ಲ ಅಂತ ಹಗುರವಾಗುತ್ತದೆ. ಉತ್ತರ ಬಂದಾಗ ಉಪದೇಶಕ್ಕೆ ಇಳಿಯಬೇಡಿ. ಮನಸ್ಸನ್ನೇ ಕಾಯಿಲೆ ಹಿಡಿದಿರುವವರಿಗೆ ಫೋನ್ ಮಾಡುವುದು, ಟೋಕನ್ ತೆಗೆದುಕೊಳ್ಳುವುದು, ಆಟೋ ಹಿಡಿಯುವುದು, ಒಂದೊಂದೂ ದೊಡ್ಡ ಕೆಲಸ. ಆ ಕೆಲಸಗಳನ್ನು ನೀವು ಮಾಡಬಹುದು. "ನೀನು ಯಾರನ್ನಾದರೂ ನೋಡಬೇಕು ಕಣೋ" ಅನ್ನುವುದಕ್ಕಿಂತ, "ಸೋಮವಾರ ಹತ್ತೂವರೆಗೆ ಅಪಾಯಿಂಟ್‌ಮೆಂಟ್ ಸಿಕ್ಕಿದೆ. ಒಂಬತ್ತಕ್ಕೆ ಬರ್ತೀನಿ, ಇಬ್ಬರೂ ಹೋಗೋಣ, ತಿಂಡಿ ದಾರಿಯಲ್ಲಿ ತಿಂದರಾಯ್ತು" ಅಂದರೆ ಅವನು ಹೊರಡುವ ಸಾಧ್ಯತೆ ಹೆಚ್ಚು.